ಬಿಚ್ಚದೆ ಬಿಟ್ಟ ಬೋಲ್ಟು

ಸರ್ವಿಸ್ ಸೆಂಟರಿನಲ್ಲಿ ಎಲ್ಲರೂ ಅವಳನ್ನು ಕೌಂಟರ್ ಅಕ್ಕ ಎಂದೇ ಕರೆಯುತ್ತಿದ್ದರು. ಕೆಟ್ಟ ಮಿಕ್ಸಿ, ಬಣ್ಣಗೆಟ್ಟ ಟಿವಿ, ಚಾರ್ಜ್ ಆಗದ ಫೋನು ಹಿಡಿದು ಬಂದವರಿಗೆ ವಾರಂಟಿ ಸಿಗುತ್ತದೋ ಇಲ್ಲವೋ ಎಂದು ಹೇಳುವುದು ಅವಳ ಕೆಲಸ. ಇಲ್ಲ ಎಂದಾಗ ಜನ ಬಾಯಿಗೆ ಬಂದಂತೆ ಬೈಯುತ್ತಿದ್ದರು. ಅವಳು ಎಲ್ಲ ಕೇಳಿಸಿಕೊಂಡು, "ನೀರು ಕುಡೀತೀರಾ?" ಎನ್ನುತ್ತಿದ್ದಳು. ಬೈದು ಗಂಟಲು ಒಣಗಿದವರು ಬೇಡವೆನ್ನುತ್ತಿರಲಿಲ್ಲ.

ಒಂದು ಬೆಳಿಗ್ಗೆ ಅತ್ತೆ, ಸೊಸೆ ಬಂದರು. ಕೊಂಡು ವರ್ಷವೂ ತುಂಬದ ವಾಷಿಂಗ್ ಮೆಷಿನ್ ನಿಂತುಹೋಗಿತ್ತು. ಮನೆಗೆ ಹೋಗಿ ನೋಡಿದ್ದ ಮೆಕ್ಯಾನಿಕ್, ಮಿತಿಮೀರಿ ಬಟ್ಟೆ ತುಂಬಿದ್ದಾರೆ, ವಾರಂಟಿ ಇಲ್ಲ ಎಂದಿದ್ದ.

"ನಾನು ಬಡ್ಕೊಂಡೆ, ಇವಳು ಕೇಳ್ಬೇಕಲ್ಲ!" ಎಂದರು ಅತ್ತೆ. "ಪರದೆ, ಹೊದಿಕೆ ಎಲ್ಲಾ ಒಟ್ಟಿಗೆ ತುರುಕ್ತಾಳೆ. ಮಗ ಒಂದ್ಸಲ ಕೇಳಿ ನೋಡಿ ಅಂದ, ಅದಕ್ಕೇ ಬಂದ್ವಿ."

ಅತ್ತೆ ನೀರು ಕುಡಿಯಲು ಅತ್ತ ಹೋದಾಗ ಸೊಸೆ ಮೆಲ್ಲಗೆ, "ಅಕ್ಕಾ, ಮೊದಲ ದಿನಾನೇ ಅದು ಕುಣೀತಾ ಬಾಗಿಲವರೆಗೂ ಬಂದಿತ್ತು. ಹಾಕಿದ್ದು ಎರಡೇ ಟವೆಲ್ಲು," ಎಂದಳು.

ಮರುದಿನ ಕೌಂಟರ್ ಅಕ್ಕ ಇನ್ನೊಬ್ಬ ಹಿರಿಯ ಮೆಕ್ಯಾನಿಕ್ಕನನ್ನು ಕರೆದುಕೊಂಡು ಅವರ ಮನೆಗೆ ಹೋದಳು. ಬಚ್ಚಲಿನ ಪಕ್ಕದ ಇಕ್ಕಟ್ಟಿನಲ್ಲಿ ಮೆಷಿನ್ನನ್ನು ಗೋಡೆಯಿಂದ ಮುಂದಕ್ಕೆಳೆದು, ಮೆಕ್ಯಾನಿಕ್ ಅದರ ಹಿಂದೆ ಟಾರ್ಚ್ ಬಿಟ್ಟ. ಲಾರಿಯಲ್ಲಿ ಬರುವಾಗ ಒಳಗಿನ ಡ್ರಮ್ ಅಲುಗದಿರಲೆಂದು ಕಾರ್ಖಾನೆಯಲ್ಲಿ ಬಿಗಿದ ಬೋಲ್ಟುಗಳು ಹಾಗೇ ಇದ್ದವು. ಜೋಡಿಸುವವರು ಮೊದಲು ಬಿಚ್ಚಬೇಕಾದದ್ದೇ ಅವನ್ನು; ಇಲ್ಲದಿದ್ದರೆ ಮೆಷಿನ್ ಕುಣಿದು ಕುಣಿದು ಕೆಟ್ಟುಹೋಗುತ್ತದೆ.

"ಇದನ್ನ ಜೋಡಿಸಿದ್ದು ಯಾರು?" ಎಂದು ಅವಳು ಸೊಸೆಯನ್ನು ಕೇಳಿದಳು.

"ಒಬ್ಬರು ದಪ್ಪ ಮೀಸೆಯವರು. ಹಾಡ್ಕೊಂಡೇ ಕೆಲಸ ಮಾಡಿದ್ರು. ಆಮೇಲೆ ಯಾರದೋ ಫೋನ್ ಬಂತು, ಗಡಿಬಿಡೀಲಿ ಹೊರಟ್ರು."

ಹಾಡಿಕೊಂಡು ಕೆಲಸ ಮಾಡುವ ದಪ್ಪ ಮೀಸೆಯವನು ಸೆಂಟರಿನಲ್ಲಿ ಒಬ್ಬನೇ ಇದ್ದ. ಅವನು ಕೌಂಟರ್ ಅಕ್ಕನ ಒಡಹುಟ್ಟಿದ ಅಣ್ಣ.

ಸೊಸೆ ಒಳಗೆ ಹೋದ ಮೇಲೆ ಮೆಕ್ಯಾನಿಕ್ ದನಿ ತಗ್ಗಿಸಿದ. "ಬೋಲ್ಟ್ ಬಿಚ್ಚಿ ಜೇಬಿಗೆ ಹಾಕ್ಕೋತೀನಿ. ಬೇರಿಂಗ್ ಹೋಗಿದೆ ಅಂತ ಹೇಳಿ ವಾರಂಟೀಲೇ ಮಾಡಿಕೊಡೋಣ. ಅವರಿಗೂ ಕೆಲಸ ಆಯ್ತು, ಅಣ್ಣನಿಗೂ ತೊಂದರೆ ಇಲ್ಲ."

ಮಾತೇನೋ ಸರಿಯಾಗಿತ್ತು. ಆದರೆ ಬೇರಿಂಗ್ ಹೋದದ್ದೂ ಸೊಸೆಯಿಂದಲೇ ಎಂದು ಆ ಮನೆಯಲ್ಲಿ ದಿನವೂ ಮಾತು ಬರುತ್ತದೆಂದು ಅವಳಿಗೆ ಗೊತ್ತಿತ್ತು. ಅವಳು ಅತ್ತೆಯನ್ನು ಕೂಗಿದಳು.

"ಅಮ್ಮಾ, ಇಲ್ಲಿ ನೋಡಿ. ಇವನ್ನ ನಮ್ಮವರು ಬಿಚ್ಚಬೇಕಿತ್ತು, ಬಿಚ್ಚಿಲ್ಲ. ತಪ್ಪು ನಮ್ಮದು. ನಿಮ್ಮ ಸೊಸೆ ಎರಡು ಕರ್ಚೀಫ್ ಹಾಕಿದ್ರೂ ಇದು ಹೀಗೇ ಕುಣೀತಿತ್ತು."

ಅತ್ತೆ ಬಗ್ಗಿ ನೋಡಿದರು. "ಪರದೆ ತುರುಕಿದ್ದಂತೂ ಸುಳ್ಳಲ್ಲ," ಎಂದು ಗೊಣಗಿದರು. ಆಮೇಲೆ ಸೊಸೆಯ ಕಡೆ ತಿರುಗಿ, "ನೀನು ಕೂತ್ಕೋ, ಇವರಿಗೆ ಕಾಫಿ ನಾನು ಮಾಡ್ತೀನಿ," ಎಂದು ಒಳಗೆ ಹೋದರು.

ಕಂಪನಿ ಹೊಸ ಮೆಷಿನ್ ಕೊಟ್ಟಿತು. ಅಣ್ಣನನ್ನು ಮನೆಮನೆಯ ಕೆಲಸದಿಂದ ತೆಗೆದು ಗೋಡೌನಿಗೆ ಹಾಕಿದರು. ಅಂದು ಸಂಜೆಯೇ ಅವನು ತಂಗಿಯ ಮನೆಗೆ ಬಂದ. ಚಪ್ಪಲಿಯನ್ನೂ ಬಿಡದೆ ಬಾಗಿಲಲ್ಲೇ ನಿಂತ.

"ನನಗೊಂದು ಮಾತು ಹೇಳಿದ್ರೆ ನಾನೇ ಹೋಗಿ ಬಿಚ್ಚಿ ಬರ್ತಿರಲಿಲ್ವಾ?"

"ನೀನೇನೋ ಬಿಚ್ಚಿ ಬರ್ತಿದ್ದೆ ಕಣೋ. ಆ ಹುಡುಗಿ ಮೇಲೆ ಹೊರಿಸಿದ್ದನ್ನ ಯಾರು ಇಳಿಸ್ತಿದ್ರು?"

ಅವನು ಬಂದ ದಾರಿಯಲ್ಲೇ ಹೊರಟುಹೋದ. ಆಮೇಲೆ ಎಷ್ಟೋ ದಿನ ಎದುರಿಗೆ ಸಿಕ್ಕರೂ ಮುಖ ತಿರುಗಿಸುತ್ತಿದ್ದ. ಅತ್ತಿಗೆ ಮಾತ್ರ ಆಗಾಗ ಫೋನ್ ಮಾಡಿ, "ಬರೀ ಜಂಬ, ಇಳಿಯುತ್ತೆ ಬಿಡಿ," ಎನ್ನುತ್ತಿದ್ದಳು. ತಂಗಿಗೆ ಊಟ ರುಚಿಸುತ್ತಿರಲಿಲ್ಲ. ಹೇಳಿದ್ದು ತಪ್ಪು ಎಂದೂ ಅನ್ನಿಸುತ್ತಿರಲಿಲ್ಲ.

ಕೊನೆಗೊಂದು ದಿನ ಅವನು ಹಳೇ ರೇಡಿಯೊ ಒಂದನ್ನು ಹಿಡಿದು ಗಿರಾಕಿಗಳ ಸಾಲಿನಲ್ಲಿ ನಿಂತಿದ್ದ. ಸರದಿ ಬಂದಾಗ ಅವಳು ಎಲ್ಲರನ್ನೂ ಕೇಳುವಂತೆಯೇ ಕೇಳಿದಳು. "ಏನು ತೊಂದರೆ?"

"ಮಾತಾಡ್ತಿಲ್ಲ."

"ಯಾವುದು, ರೇಡಿಯೊನಾ?"

ಅವನ ಮೀಸೆಯಡಿ ನಗು ಕಾಣಿಸಿತು. ರೇಡಿಯೊಗೆ ವಾರಂಟಿ ಯಾವತ್ತೋ ಮುಗಿದಿತ್ತು. ಅವಳು ಹಾಗೆಯೇ ಹೇಳಿದಳು.

"ಗೊತ್ತು," ಎಂದ ಅವನು. "ಊಟಕ್ಕೆ ಎಷ್ಟೊತ್ತಿಗೆ ಬಿಡ್ತಾರೆ ನಿನಗೆ?"