ಆಂಜನೇಯನಿಗಾಗಿ ಎರಡಿಂಚು

ಲಕ್ಕೂರಿನ ಶೋಭಾರಾಣಿಯ ಪಿಕಪ್ ಗಾಡಿ ಬರುತ್ತಿದೆ ಎಂಬುದು ಊರಿನವರ ಕಣ್ಣಿಗಿಂತ ಮೊದಲು ಕಿವಿಗೆ ತಿಳಿಯುತ್ತಿತ್ತು. ರಸ್ತೆಯ ಉಬ್ಬು ದಾಟುವಾಗಲೆಲ್ಲ ಅದರ ಹೊಟ್ಟೆ ನೆಲಕ್ಕೆ ಉಜ್ಜಿ ಘರ್ರ್ ಎನ್ನುತ್ತಿತ್ತು. ಪಕ್ಕದ ಸೀಟಿನಲ್ಲಿ ಕೂತ ಅತ್ತೆ ಅಶ್ವತ್ಥಮ್ಮ ಆಗ ತಪ್ಪದೆ ತಮ್ಮ ಹೊಟ್ಟೆ ಹಿಡಿದುಕೊಂಡು "ಅಯ್ಯಮ್ಮಾ!" ಎನ್ನುತ್ತಿದ್ದರು. ಗಾಡಿಗೆ ಬಾಯಿಲ್ಲ, ಅದರ ಪರವಾಗಿ ಯಾರಾದರೂ ನರಳಬೇಕಲ್ಲ ಎಂಬುದು ಅವರ ವಾದ.

ಶೋಭಾರಾಣಿ ತವರಿನಲ್ಲಿ ಟ್ರ್ಯಾಕ್ಟರ್ ಓಡಿಸಿ ಕೈ ಪಳಗಿಸಿಕೊಂಡವಳು. ಗಂಡ ಕದಿರೇಶ ಮಾಲೂರಿನ ಕಾರ್ಖಾನೆಯಲ್ಲಿ ಕೆಲಸ ಮಾಡುತ್ತಾನೆ. ಅಲ್ಲಿ ಎಂಥ ಯಂತ್ರವನ್ನಾದರೂ ನಡೆಸುವ ಅವನಿಗೆ ಸ್ಟೇರಿಂಗ್ ಹಿಡಿದರೆ ಮಾತ್ರ ಅಂಗೈ ಬೆವರುತ್ತದೆ. ಹಾಗಾಗಿ ಹಳೆಯ ಪಿಕಪ್ ಕೊಂಡ ದಿನವೇ ಬೀಗದ ಕೈ ಹೆಂಡತಿಯ ಕೈಗೆ ಬಂತು. ಹಿಪ್ಪುನೇರಳೆ ಸೊಪ್ಪು, ರಾಗಿ ಹುಲ್ಲು, ಟೊಮೇಟೊ ಎಲ್ಲವನ್ನೂ ಅವಳು ಹೊತ್ತಳು. ನಾಲ್ಕು ವರ್ಷಗಳಿಂದ ಶಿವಾರಪಟ್ಟಣದ ಶಿಲ್ಪಿ ಭೀಮರಾಜ್ ಅವರ ಅಂಗಳದಿಂದ ಕಲ್ಲುಗಳನ್ನೂ ಹೊರುತ್ತಿದ್ದಳು. ಚಪ್ಪಡಿ, ಒರಳು, ತುಳಸಿಕಟ್ಟೆಯ ಕಂಬ, ಇಷ್ಟೇ. ಇಡೀ ಒಂದು ವಿಗ್ರಹವನ್ನು ಅವಳ ಗಾಡಿಗೆ ಯಾರೂ ಏರಿಸಿರಲಿಲ್ಲ. ದೇವರುಗಳು ಬೇರೆಯವರ ಗಾಡಿಯಲ್ಲಿ ಹೋಗುವುದನ್ನು ಅವಳು ಒರಳುಗಳ ಪಕ್ಕದಲ್ಲಿ ನಿಂತು ನೋಡುತ್ತಿದ್ದಳು. ಒಂದೇ ಒಂದು ಸಲ ದೇವರನ್ನು ಕೂರಿಸಿಕೊಂಡು ಹೋಗಬೇಕೆಂಬ ಆಸೆ ಅವಳಿಗೆ ಎಷ್ಟಿತ್ತೆಂದರೆ, ಅದನ್ನು ಬಾಯಿ ಬಿಟ್ಟು ಹೇಳುವುದಕ್ಕೇ ನಾಚಿಕೆಯಾಗುತ್ತಿತ್ತು.

ಶ್ರೀನಿವಾಸಪುರದ ಕಡೆಯ ಒಂದು ಹಳ್ಳಿಗೆ ಐದಡಿಯ ಆಂಜನೇಯ ಸಿದ್ಧವಾದಾಗ ಅವಳು ಕೊನೆಗೂ ಬಾಯಿ ಬಿಟ್ಟಳು.

"ಭೀಮಣ್ಣ, ಸ್ವಾಮೀನ ನನ್ ಗಾಡೀಲಿ ಕಳ್ಸಿ."

ಭೀಮರಾಜ್ ಉಳಿಯನ್ನು ಕೆಳಗಿಟ್ಟರು. "ನಿನ್ ಗಾಡೀಲಾ? ಆ ಊರಿಗೆ ಹೋಗ್ಬೇಕಂದ್ರೆ ಕೆರೆ ಏರಿ ಹತ್ತಿ ಇಳೀಬೇಕಮ್ಮ. ಏರಿ ನೆತ್ತೀಲಿ ನಿನ್ ಗಾಡಿ ಹೊಟ್ಟೆ ತಗುಲ್ತು ಅಂತಿಟ್ಕೋ, ಸ್ವಾಮಿ ಎಗರಿ ಬೀಳ್ತಾನೆ. ಮೂಗು ಚೂರು ಹೋದ್ರೂ ಭಿನ್ನ ಆದಂಗೆ, ಪೂಜೆಗೆ ಬರಲ್ಲ. ಎಂಟು ತಿಂಗಳ ಕೆಲ್ಸ ಕಣಮ್ಮ ಅದು."

"ಎತ್ತರ ಮಾಡಿಸ್ಕೊಂಡು ಬಂದ್ರೆ?"

"ಯಾರನ್ನ?"

"ಗಾಡೀನ."

ಭೀಮರಾಜ್ ನಕ್ಕರು. ಅವಳು ನಗಲಿಲ್ಲ. ಅದನ್ನು ನೋಡಿ ಅವರೂ ನಗು ನಿಲ್ಲಿಸಿದರು. "ದೇವ್ರುಗಳ್ನ ಹೊರೋ ಮಾಲೂರಿನ ಗೋಪಿ ಗಾಡೀಲಿ ನಾಲ್ಕು ಚಕ್ರಾನೂ ಎಳೀತಾವೆ. ನಿಂದು ಹಿಂದಿನ ಎರಡೇ. ಆದ್ರೂ ಶುಕ್ರವಾರದೊಳಗೆ ತಂದು ತೋರ್ಸು. ಸರಿಹೋದ್ರೆ ಈ ಸ್ವಾಮೀನೂ ನಿಂದೇ, ಇನ್ಮುಂದೆ ಇಲ್ಲಿಂದ ಹೊರಡೋ ದೇವ್ರುಗಳೆಲ್ಲ ನಿಂದೇ. ಇಲ್ಲಾಂದ್ರೆ ಒರಳು ಹೊತ್ಕೊಂಡಿರು."

ಮನೆಗೆ ಬಂದು ವಿಷಯ ಹೇಳಿದ್ದೇ ತಡ, ಕದಿರೇಶ ಫೋನು ತೆಗೆದ. ಅದರಲ್ಲಿ ಯಾವುದೋ ದೇಶದ ಗಡ್ಡದವನೊಬ್ಬ ತನ್ನ ಗಾಡಿಯನ್ನು ಹುಲ್ಲಿನ ಮೆದೆಯಷ್ಟು ಎತ್ತರ ಮಾಡಿ, ಅದರ ಕೆಳಗೆ ಕುರ್ಚಿ ಹಾಕಿಕೊಂಡು ಕೂತಿದ್ದ.

"ಗಾಡಿ ಎತ್ತರ ಮಾಡೋ ಈ ಕಿಟ್ ಹಾಕಿಸಿದ್ರೆ ನದೀನೇ ದಾಟ್ಬೋದಂತೆ ಕಣೇ."

"ನಮ್ಮ ಕೋಲಾರದಾಗೆ ನದಿ ಎಲ್ಲೈತ್ರೀ ದಾಟೋಕೆ? ಬೆಲೆ ಎಷ್ಟು ನೋಡಿ."

ಕದಿರೇಶ ಬೆಲೆ ನೋಡಿದ. ಫೋನನ್ನು ಮೆಲ್ಲಗೆ ಬೋರಲು ಹಾಕಿದ. ಆ ಕಿಟ್ ಬೇಕೆಂದರೆ ಗಾಡಿಯನ್ನು ಮಾರಿ, ಬಂದ ದುಡ್ಡಿನಲ್ಲಿ ಕಿಟ್ ಕೊಂಡು, ಕಿಟ್ಟಿನ ಮೇಲೆಯೇ ಕೂತು ಹೋಗಬೇಕಿತ್ತು. ಆಮೇಲೆ ಅವನು, "ದೊಡ್ಡ ಟೈರ್ ಹಾಕ್ಸೋಣ್ವಾ?" ಎಂದ.

"ಹಾಕ್ಸು," ಎಂದರು ಅಶ್ವತ್ಥಮ್ಮ. "ಹಂಗೇ ನಾನು ಹತ್ತೋಕೆ ಒಂದು ಏಣೀನೂ ಕಟ್ಸು. ಊರೂರಿಗೂ ಏಣಿ ಹೊತ್ಕೊಂಡ್ ತಿರುಗ್ತೀನಿ."

ಪಕ್ಕದ ಮನೆಯ ನರೇಶ ಕೋಲಾರದ ಮಾರುಕಟ್ಟೆಗೆ ಟೊಮೇಟೊ ಸಾಗಿಸುವವನು. ಅವನು ಅಗ್ಗದ ದಾರಿ ಹೇಳಿದ. ಗಾಡಿಯ ಅಚ್ಚಿನ ಮೇಲೆ ಬಾಗಿದ ಕಬ್ಬಿಣದ ಪಟ್ಟಿಗಳನ್ನು ಒಂದರ ಮೇಲೊಂದು ಜೋಡಿಸಿ ಕಟ್ಟಿರುತ್ತಾರೆ. ಅದಕ್ಕೆ ಕಮಾನು ಎನ್ನುತ್ತಾರೆ. ರಸ್ತೆಯ ಕುಲುಕನ್ನು ನುಂಗುವುದು ಅದರ ಕೆಲಸ. "ಇನ್ನೆರಡು ಪಟ್ಟಿ ಸೇರ್ಸಿಬಿಡಕ್ಕ. ಟೊಮೇಟೊ ಗಾಡಿಯೋರೆಲ್ಲ ಅದನ್ನೇ ಮಾಡ್ಸೋದು. ಎತ್ತರಾನೂ ಆಯ್ತದೆ, ಗಟ್ಟೀನೂ ಆಯ್ತದೆ," ಎಂದ.

ಶೋಭಾರಾಣಿ ಯಾವುದನ್ನೂ ನೋಡದೆ ನಂಬುವವಳಲ್ಲ. ಮೊದಲು ಪಟ್ಟಿ ಸೇರಿಸಿದ ನರೇಶನ ಗಾಡಿಯಲ್ಲೇ ಪರೀಕ್ಷೆ ಆಗಲಿ ಎಂದಳು. ಹಿಂದುಗಡೆ ದೇವರು ಮಲಗುವ ಜಾಗದಲ್ಲಿ ತಾವೇ ಕೂರುವುದಾಗಿ ಅಶ್ವತ್ಥಮ್ಮ ಹಟ ಹಿಡಿದರು. "ಸ್ವಾಮಿಗೆ ಹೆಂಗಾಗ್ತದೆ ಅಂತ ಸ್ವಾಮಿ ಜಾಗದಲ್ಲಿ ಕೂತೋರಿಗೇ ಅಲ್ವೇನೇ ಗೊತ್ತಾಗೋದು?"

ಮೊದಲ ಉಬ್ಬಿಗೇ ಗೊತ್ತಾಯಿತು. ಅಶ್ವತ್ಥಮ್ಮ ನೆಲ ಬಿಟ್ಟರು. ಅವರ ಎಲೆಅಡಿಕೆ ಚೀಲ ಅವರಿಗಿಂತ ಮೇಲೆ ಹೋಗಿ, ಎದುರಿಗೆ ಬರುತ್ತಿದ್ದ ಸ್ಕೂಟರಿನವನ ಮಡಿಲಲ್ಲಿ ಬಿತ್ತು. ಅವನು ಗಾಬರಿಯಿಂದ ಆಕಾಶ ನೋಡಿದ. ಅಶ್ವತ್ಥಮ್ಮ ಮತ್ತೆ ಗಾಡಿಯೊಳಕ್ಕೇ ಬಿದ್ದರು, ಅದೇ ಪುಣ್ಯ. ಸೆರಗು ಸರಿಮಾಡಿಕೊಂಡು ಅವರು ತೀರ್ಪು ಕೊಟ್ಟರು. "ಟೊಮೇಟೊ ಏನಾದ್ರೂ ಆಗ್ಲಿ. ಸ್ವಾಮಿಗೆ ಇದು ಬೇಡ. ಅವನು ಮೊದ್ಲೇ ಹಾರೋ ಅಭ್ಯಾಸ ಇರೋನು."

ಕೊನೆಗೆ ಅತ್ತೆ ಸೊಸೆ ಇಬ್ಬರೂ ಕೋಲಾರಕ್ಕೆ, ಕಮಾನು ಕೆಲಸದ ಪೆದ್ದಪ್ಪನವರ ಶೆಡ್ಡಿಗೆ ಹೋದರು. ಪೆದ್ದಪ್ಪ ಮಾತಿಗೆ ಮೊದಲು ಗಾಡಿಯ ಕೆಳಗೆ ನುಸುಳುವ ಮನುಷ್ಯ. ಅಲ್ಲಿಂದಲೇ ಅರ್ಧ ತೆಲುಗಿನಲ್ಲಿ ಕೂಗಿದರು.

"ಅಮ್ಮಾಯೀ, ಇಟ್ಲಾ ರಾ! ಬಂದು ನೋಡು."

ಶೋಭಾರಾಣಿಯೂ ಸೀರೆ ಎತ್ತಿ ಸಿಕ್ಕಿಸಿಕೊಂಡು ಒಳಗೆ ನುಸುಳಿದಳು. ಪೆದ್ದಪ್ಪ ಟಾರ್ಚ್ ಬಿಟ್ಟು ತೋರಿಸಿದರು. ಹಿಂದಿನ ಅಚ್ಚಿನ ನಡುವೆ ಉಬ್ಬಿಕೊಂಡಿರುವ ಗೇರಿನ ಗುಂಡಿನ ಮೇಲೆ ಒಂದು ಗೀರೂ ಇರಲಿಲ್ಲ. ಗೀರೆಲ್ಲ ಸೈಲೆನ್ಸರ್ ಮೇಲೆ, ನಡುವಿನ ಅಡ್ಡಪಟ್ಟಿಯ ಮೇಲೆ.

"ಗುಂಡು ತಗುಲ್ತಿದ್ರೆ ಟೈರೇ ದೊಡ್ಡದು ಮಾಡ್ಬೇಕಿತ್ತು, ಕಮಾನು ಎತ್ತಿದ್ರೆ ಗುಂಡು ಏಳಲ್ಲ. ನಿಂದು ಹೊಟ್ಟೆ ತಗುಲ್ತಾ ಐತೆ. ಹೊಟ್ಟೆ ಎತ್ಬೋದು. ಈ ಕಮಾನು ನೋಡು, ಹೊತ್ತು ಹೊತ್ತು ನೆಟ್ಟಗಾಗಿ ಹೋಗೈತೆ. ಬಿಚ್ಚಿ, ಬಡಿದು, ಮತ್ತೆ ಬಾಗಿಸ್ತೀನಿ. ಹಿಂದೆ ಮಾತ್ರ ಅಚ್ಚಿಗೂ ಕಮಾನಿಗೂ ನಡುವೆ ಎರಡಿಂಚಿನ ಕಬ್ಬಿಣದ ಬ್ಲಾಕ್ ಇಟ್ಟು ಉದ್ದನೆ ಬೋಲ್ಟ್ ಹಾಕ್ತೀನಿ. ಪಟ್ಟಿ ಸೇರ್ಸಲ್ಲ. ಎತ್ತರ ಬರ್ತದೆ, ಮೆತ್ತಗೂ ಇರ್ತದೆ."

"ಮುಂದಕ್ಕೂ ಬ್ಲಾಕ್ ಇಟ್ರೆ ಇನ್ನೂ ಎತ್ತರ ಆಗಲ್ವಾ ಅಣ್ಣ?"

"ಮುಂದೆ ನಾನು ಇಡಲ್ಲ. ಬ್ರೇಕ್ ಒತ್ತಿದಾಗ ಅದು ಜರುಗಿದ್ರೆ ಸ್ಟೇರಿಂಗ್ ನಿನ್ ಮಾತು ಕೇಳಲ್ಲ."

"ಹಿಂದೆ ಮೂರಿಂಚು?"

"ಎರಡಿಂಚು ಸಾಕು. ಜಾಸ್ತಿ ಎತ್ತಿದ್ರೆ ಬ್ರೇಕ್ ಪೈಪ್ ಎಳೀತದೆ, ತಿರುವಿನಲ್ಲಿ ಗಾಡಿ ವಾಲ್ತದೆ. ಆಸೆಗೂ ಒಂದು ಅಳತೆ ಬೇಡ್ವೇನಮ್ಮ?"

ಅವಳು ಅದೇ ಪ್ರಶ್ನೆಗಳನ್ನು ಬೇರೆ ಮಾತಿನಲ್ಲಿ ಇನ್ನೊಂದು ಸಲ ಕೇಳಿದಳು. ಅವರು ಅದೇ ಉತ್ತರಗಳನ್ನು ಕೊಟ್ಟರು. ಖರ್ಚು ಹೊಸ ಟೈರಿಗೆಂದು ಎತ್ತಿಟ್ಟಿದ್ದ ದುಡ್ಡಿನೊಳಗೇ ಮುಗಿಯುತ್ತಿತ್ತು. ಆಗ ಶೋಭಾರಾಣಿ ಒಪ್ಪಿದಳು.

ಸಂಜೆ ಶೆಡ್ಡಿನಿಂದ ಹೊರಬಂದ ಗಾಡಿ, ಮಲಗಿದ್ದ ಎಮ್ಮೆ ಎದ್ದು ನಿಂತಂತಿತ್ತು. ಅಶ್ವತ್ಥಮ್ಮ ಅದರ ಸುತ್ತ ಒಂದು ಸುತ್ತು ಬಂದರು. "ಏನೇ ಇದು, ಮದುವೆ ಗಂಡಿನ ಥರ ಎದೆ ಎತ್ಕೊಂಡೈತೆ! ನಿನ್ ಗಂಡ ಮದುವೇಲೂ ಹಿಂಗೆ ನಿಂತಿರ್ಲಿಲ್ಲ."

ಗುರುವಾರ ಭೀಮರಾಜ್ ಅವರೆದುರಿಗೇ ಪರೀಕ್ಷೆ ನಡೆಯಿತು. ಆಂಜನೇಯನ ತೂಕಕ್ಕೆ ಸರಿಯಾಗಿ ಚಪ್ಪಡಿಗಳನ್ನು ಹೇರಿದರು. ಅವುಗಳ ನಡುವೆ ರಾಗಿ ಹುಲ್ಲು ತುಂಬಿ, ಹುಲ್ಲಿನ ನಡುವೆ ಅಶ್ವತ್ಥಮ್ಮ ಕುತ್ತಿಗೆಯವರೆಗೆ ಹುದುಗಿ ಕೂತರು. ಗಾಡಿ ಶಿವಾರಪಟ್ಟಣದ್ದೇ ಕೆರೆ ಏರಿಯ ಕಡೆ ಹೊರಟಿತು. ಸೊಪ್ಪಿನ ಹೊರೆ ಹೊತ್ತು ಬರುತ್ತಿದ್ದ ಹೆಂಗಸರು ಹುಲ್ಲಿನೊಳಗಿನ ಮುಖವನ್ನು ಕಂಡು, ಶಿವಾರಪಟ್ಟಣದಿಂದ ಯಾವುದೋ ಅಮ್ಮನವರು ಹೊರಟಿರಬೇಕೆಂದು ಕೈ ಮುಗಿದರು. ಅಶ್ವತ್ಥಮ್ಮ ಸಂಕೋಚವಿಲ್ಲದೆ ಹುಲ್ಲಿನಿಂದ ಕೈ ಹೊರಗೆ ತೆಗೆದು ಆಶೀರ್ವಾದ ಮಾಡಿದರು. ಒಬ್ಬಾಕೆ ಹೊರೆ ಬಿಟ್ಟು ಓಡಿದಳು.

ಏರಿ ದಾಟಿದ ಮೇಲೆ ಹಿಂದಿನ ಕಿಟಕಿಯಿಂದ ದನಿ ಬಂತು. "ಯಾವಾಗ್ ದಾಟ್ತೀಯೇ?"

"ದಾಟಾಯ್ತು ಅತ್ತೆ!"

"ಹೌದಾ? ನಂಗೆ ಗೊತ್ತೇ ಆಗ್ಲಿಲ್ಲ ಕಣೇ!"

ಭೀಮರಾಜ್ ಗಾಡಿಯನ್ನು ಮತ್ತೆ ಏರಿಯ ನೆತ್ತಿಯ ಮೇಲೆ ನಿಲ್ಲಿಸಲು ಹೇಳಿ, ಮಂಡಿಯೂರಿ ಹೊಟ್ಟೆಯ ಕೆಳಗೆ ಕೈ ಹಾಕಿ ನೋಡಿದರು. ನಾಲ್ಕು ಬೆರಳು ಸಲೀಸಾಗಿ ಹೋದವು. "ನಾಳೆ ಬೆಳಿಗ್ಗೆ ಬಾ," ಎಂದರು. ಅವರಿಗೆ ಅದಕ್ಕಿಂತ ದೊಡ್ಡ ಹೊಗಳಿಕೆ ಗೊತ್ತಿರಲಿಲ್ಲ.

ಶುಕ್ರವಾರ ಆಂಜನೇಯನ ಮುಖಕ್ಕೆ ಹೊಸ ಬಟ್ಟೆ ಸುತ್ತಿ, ತಲೆ ಮುಂದಾಗಿ ಹುಲ್ಲಿನ ಮೇಲೆ ಮಲಗಿಸಿದರು. ಶೋಭಾರಾಣಿ ದಾರಿಯುದ್ದಕ್ಕೂ ಹಾಲು ತುಂಬಿದ ಕೊಡ ಹೊತ್ತವಳಂತೆ ಓಡಿಸಿದಳು. ಕೋಲಾರದಲ್ಲಿ ಪೆದ್ದಪ್ಪ ಕಾದಿದ್ದು ಬೋಲ್ಟ್‌ಗಳನ್ನು ಇನ್ನೊಮ್ಮೆ ಬಿಗಿದರು. ಅಶ್ವತ್ಥಮ್ಮ ಹಿಂದಿನ ಕಿಟಕಿಯಿಂದ ಕೈ ಚಾಚಿ ಸ್ವಾಮಿಯ ಕಿರೀಟ ಹಿಡಿದುಕೊಂಡೇ ಇದ್ದರು. ಭೀಮರಾಜ್ ಬೈಕಿನಲ್ಲಿ ಹಿಂದೆಯೇ ಬಂದರು. ಮಾವಿನ ತೋಪುಗಳನ್ನು ದಾಟಿ ಕೆರೆ ಏರಿಯ ಬುಡಕ್ಕೆ ಬಂದಾಗ ಅವಳು ಮೊದಲ ಬಾರಿಗೆ ನಿರಾಳವಾಗಿ ಉಸಿರು ಬಿಟ್ಟಳು.

ಅಲ್ಲಿ ಊರಿಗೆ ಊರೇ ತಮಟೆ ಹಿಡಿದು ಕಾಯುತ್ತಿತ್ತು. ಗಾಡಿ ನಿಂತದ್ದೇ ತಡ, ಜನ ಹತ್ತತೊಡಗಿದರು. ಪೂಜಾರಿ ಹತ್ತಿದ. ತೆಂಗಿನಕಾಯಿ ಮೂಟೆ ಹತ್ತಿತು, ಮೂಟೆಯ ಜೊತೆ ಅದನ್ನು ತಂದವನೂ ಹತ್ತಿದ. ತಮಟೆಯವರು ಹತ್ತಿದರು. ಗುಡಿಗೆ ಜಾಗ ಕೊಟ್ಟ ಆದಿಲಕ್ಷ್ಮಮ್ಮ ಮೊಮ್ಮಕ್ಕಳನ್ನೆಲ್ಲ ಹತ್ತಿಸಿ, ಕೊನೆಗೆ ತಾವೂ ಹತ್ತಿ, ಸ್ವಾಮಿಯ ಪಾದದ ಬಳಿ ಕೂತರು.

ಶೋಭಾರಾಣಿ ಇಳಿದು ಗಾಡಿಯ ಕೆಳಗೆ ಬಗ್ಗಿ ನೋಡಿದಳು. ಪೆದ್ದಪ್ಪ ಕೊಟ್ಟಿದ್ದ ಎರಡಿಂಚೂ ಹೋಗಿತ್ತು, ಅದರ ಜೊತೆಗೆ ಮೊದಲು ಇದ್ದದ್ದರಲ್ಲೂ ಸ್ವಲ್ಪ ಹೋಗಿತ್ತು. ಅವರು ದೇವರ ಭಾರವನ್ನು ಲೆಕ್ಕ ಹಾಕಿದ್ದರು, ಭಕ್ತರ ಭಾರವನ್ನು ಲೆಕ್ಕ ಹಾಕಿರಲಿಲ್ಲ.

"ಇಳೀರಪ್ಪಾ, ಗಾಡಿ ತಗುಲ್ತದೆ!" ಎಂದರು ಭೀಮರಾಜ್.

"ಸ್ವಾಮಿ ಊರಿಗೆ ಬರೋವಾಗ ಇಳಿಯೋದುಂಟಾ?" ಎಂದ ಪೂಜಾರಿ. "ನಾನೊಬ್ಬ ಇರ್ಲೇಬೇಕು. ಬೇರೆಯೋರು ಇಳೀಲಿ."

"ಜಾಗ ಕೊಟ್ಟೋಳು ನಾನು," ಎಂದರು ಆದಿಲಕ್ಷ್ಮಮ್ಮ. "ನಾನ್ಯಾಕೆ ಇಳೀಲಿ?"

ಅಶ್ವತ್ಥಮ್ಮ ಸೊಂಟಕ್ಕೆ ಸೆರಗು ಕಟ್ಟಿ ಬೈದು ನೋಡಿದರು. ಜನ ಅವರ ಬೈಗುಳಕ್ಕೆ ತಮಟೆಯ ತಾಳ ಸೇರಿಸಿ ಕುಣಿದರು, ಅಷ್ಟೇ. ಭೀಮರಾಜ್ ಮುಖ ಬಾಡಿತು. ಅವರು ಶೋಭಾರಾಣಿಯನ್ನು ಪಕ್ಕಕ್ಕೆ ಕರೆದು, "ಬೇಡ ಬಿಡಮ್ಮ. ಗೋಪಿಗೆ ಫೋನ್ ಮಾಡ್ತೀನಿ. ಸ್ವಾಮೀನ ಆ ಗಾಡಿಗೆ ಬದಲಾಯಿಸೋಣ. ಎಂಟು ತಿಂಗಳ ಕೆಲ್ಸ," ಎಂದು ಫೋನು ತೆಗೆದರು.

ಇಲ್ಲಿಯವರೆಗೆ ಬಂದು, ಒಂದು ಏರಿಯ ಈಚೆಗೆ, ದೇವರು ಬೇರೆಯವರ ಗಾಡಿಗೆ ಹೋಗುವುದೇ? ಶೋಭಾರಾಣಿ ಸೀಟಿನ ಹಿಂದಿನಿಂದ ಉದ್ದನೆಯ ಹಗ್ಗ ತೆಗೆದಳು. ಅದನ್ನು ಗಾಡಿಯ ಮುಂದಿನ ಕೊಂಡಿಗೆ ಕಟ್ಟಿ, ಗಂಟನ್ನು ಎರಡು ಸಲ ಎಳೆದು ನೋಡಿದಳು. ಹಗ್ಗವನ್ನು ದಾರಿಯ ಮೇಲೆ ಉದ್ದಕ್ಕೂ ಹಾಸಿದಳು. ಆಮೇಲೆ ತನಗೇ ಆಶ್ಚರ್ಯವಾಗುವಷ್ಟು ಜೋರಾಗಿ ಕೂಗಿದಳು.

"ಸ್ವಾಮೀನ ಊರೊಳಕ್ಕೆ ಎಳ್ಕೊಂಡು ಹೋಗೋರು ಯಾರಿದ್ದೀರಿ? ಹಗ್ಗ ಇಲ್ಲೈತೆ!"

ತಮಟೆ ನಿಂತಿತು. ಮೊದಲು ಹಾರಿದವನು ಪೂಜಾರಿ. ಅವನ ಹಿಂದೆ ಮೂಟೆಯವನು, ಮೂಟೆಯನ್ನೂ ಎಳೆದುಕೊಂಡು. ಆದಿಲಕ್ಷ್ಮಮ್ಮ ಮಾತ್ರ ಕೂತೇ ಇದ್ದರು.

"ಅಮ್ಮಾ, ಜಾಗ ಕೊಟ್ಟೋರು ಹಗ್ಗದ ತುದೀಲಿ ಎಲ್ಲರಿಗಿಂತ ಮುಂದಿರ್ಬೇಕಲ್ವಾ?" ಎಂದಳು ಶೋಭಾರಾಣಿ.

ಆದಿಲಕ್ಷ್ಮಮ್ಮ ಮೊಮ್ಮಕ್ಕಳಿಗಿಂತ ಮೊದಲು ಇಳಿದರು.

ಗಾಡಿಯ ಹತ್ತಿರದ ಇಪ್ಪತ್ತಡಿ ಹಗ್ಗವನ್ನು ಯಾರೂ ಮುಟ್ಟಬಾರದು, ಎಲ್ಲರೂ ದಾರಿಯ ಎರಡು ಅಂಚಿನಲ್ಲೇ ನಡೆಯಬೇಕು ಎಂದು ಅವಳು ಒಬ್ಬೊಬ್ಬರಿಗೂ ಹೇಳಿದಳು. ಅಶ್ವತ್ಥಮ್ಮ ಅದನ್ನೇ ಬೈಗುಳದಲ್ಲಿ ಹೇಳಿದರು. ಆಮೇಲೆ ಗಾಡಿ ಮೊದಲ ಗೇರಿನಲ್ಲಿ ಏರಿ ಹತ್ತಿತು. ಸ್ವಾಮಿಯ ಭಾರಕ್ಕೆ ಹಿಂದಿನ ಚಕ್ರಗಳು ನೆಲ ಕಚ್ಚಿ ಹಿಡಿದವು. ಹಗ್ಗ ಅರ್ಧ ದಾರಿ ಸಡಿಲವಾಗಿಯೇ ಇತ್ತು. ಆದರೂ ಎಳೆಯುವವರ ಮುಖದಲ್ಲಿ ಬೆವರು ಸುರಿಯುತ್ತಿತ್ತು. ನೆತ್ತಿಯ ಮೇಲೆ ಶೋಭಾರಾಣಿ ಉಸಿರು ಹಿಡಿದಳು, ಅಶ್ವತ್ಥಮ್ಮ ಕಿರೀಟ ಹಿಡಿದರು, ಹಿಂದೆ ಭೀಮರಾಜ್ ಕಣ್ಣು ಮುಚ್ಚಿದರು. ಮುಂದಿನ ಚಕ್ರ ಇಳಿಯಿತು. ಹಿಂದಿನ ಚಕ್ರ ಇಳಿಯಿತು. ಎಲ್ಲಿಯೂ ಏನೂ ತಗುಲಲಿಲ್ಲ.

ಇಳಿಜಾರು ಮುಗಿದು ಸಮನೆಲ ಬಂದಾಗ ಜನಕ್ಕೆ ನಿಜವಾಗಿಯೂ ಹುಮ್ಮಸ್ಸು ಬಂತು. ಹಗ್ಗ ಬಿಗಿಯಿತು. ಶೋಭಾರಾಣಿ ಗೇರು ತೆಗೆದು ಬ್ರೇಕಿನ ಮೇಲೆ ಕಾಲಿಟ್ಟುಕೊಂಡಳು. ಗಾಡಿ ಈಗ ನಿಜಕ್ಕೂ ಅವರ ತೋಳಿನ ಬಲದಲ್ಲೇ ಹೋಗುತ್ತಿತ್ತು. ಎಡಗಡೆ ಸುಣ್ಣ ಬಳಿದ ಹೊಸ ಗುಡಿ ಬಂತು. ಅದರ ಮುಂದೆ ರಂಗೋಲಿ ಬಂತು. ಎರಡೂ ಹಿಂದೆ ಹೋದವು. ಯಾರೂ ನಿಲ್ಲಲಿಲ್ಲ.

"ಗುಡಿ ಹಿಂದಕ್ಕೆ ಹೋಯ್ತು ಕಣ್ರಪ್ಪೋ!" ಎಂದು ಭೀಮರಾಜ್ ಬೈಕು ಬಿಟ್ಟು ಓಡಿ ಬಂದರು. ತಮಟೆಯ ಸದ್ದಿನಲ್ಲಿ ಅದು ಯಾರಿಗೂ ಕೇಳಿಸಲಿಲ್ಲ. ಶೋಭಾರಾಣಿಗೆ ನಗು ತಡೆಯಲಾಗಲಿಲ್ಲ. ಅವಳ ನಗು ನೋಡಿ ಅಶ್ವತ್ಥಮ್ಮನವರಿಗೂ ನಗು ಬಂತು. ಭೀಮರಾಜ್ ಏದುಸಿರು ಬಿಡುತ್ತ ಕಿಟಕಿಯ ಪಕ್ಕದಲ್ಲೇ ಓಡತೊಡಗಿದರು.

"ಶೋಭಮ್ಮಾ, ಬರೋ ತಿಂಗ್ಳು ಮುಳಬಾಗಿಲಿಗೆ... ಒಬ್ಬ ಗಣಪತಿ ಹೋಗ್ಬೇಕು. ಬರ್ತೀಯಾ?"

"ಬರ್ತೀನಿ ಅಣ್ಣ," ಎಂದಳು ಶೋಭಾರಾಣಿ, ಕಣ್ಣೊರೆಸಿಕೊಳ್ಳುತ್ತ. "ಮೊದ್ಲು ಇವ್ರನ್ನ ಯಾರಾದ್ರೂ ನಿಲ್ಸಿ!"