ಹತ್ತೂ ಹೆಜ್ಜೆ ಹದಿನಾರು ಇಂಚು

೧೯೫೯ರಲ್ಲಿ ನಾನು ಸಿಂದಗಿಯ ಒಂದು ಸಣ್ಣ ಖಾಸಗಿ ದವಾಖಾನೆಯಲ್ಲಿ ಆಯಾ ಆಗಿದ್ದೆ. ಹೆಸರು ಮಾಬೂಬಿ, ಹಳ್ಳಿಯವರ ಬಾಯಲ್ಲಿ ಮಾಬವ್ವ. ಆಗ ನನಗೆ ಇಪ್ಪತ್ತೆಂಟು ವರ್ಷ, ಓದಿದ್ದು ಮೂರನೆಯ ಇಯತ್ತೆ. ಗಂಡ ತೀರಿಹೋಗಿದ್ದ, ಮನೆಯಲ್ಲಿ ಕೂತರೆ ಹೊಟ್ಟೆ ತುಂಬುತ್ತಿರಲಿಲ್ಲ, ಕೆಲಸಕ್ಕೆ ಹೋದೆ. ನೆಲ ಒರೆಸುವುದು, ಸಿರಿಂಜು ಕುದಿಸುವುದು, ಹೆಣ್ಣುಮಕ್ಕಳನ್ನು ಪರೀಕ್ಷೆ ಮಾಡುವಾಗ ಪಕ್ಕದಲ್ಲಿ ನಿಲ್ಲುವುದು ನನ್ನ ಕೆಲಸ.

ಆ ವರ್ಷ ಹೊಸ ಡಾಕ್ಟರು ಬಂದರು. ಬಸವನ ಬಾಗೇವಾಡಿ ಕಡೆಯವರು, ಮುಂಬೈಯಲ್ಲಿ ಓದಿದವರು. ನಮ್ಮಲ್ಲಿ ಎಕ್ಸ್‌ರೇ ಇರಲಿಲ್ಲ, ಅದಕ್ಕೆ ಸೊಲ್ಲಾಪುರಕ್ಕೆ ಹೋಗಬೇಕಿತ್ತು. ಅಷ್ಟು ದೂರ ಯಾರನ್ನು ಕಳಿಸಬೇಕು ಎಂದು ತಿಳಿಯಲು ಅವರು ನಡಿಗೆಯ ಲೆಕ್ಕ ಹಿಡಿದರು. ಅರಿವೆ ಅಂಗಡಿಯಿಂದ ಕಂದು ಕಾಗದ ತಂದು, ಅಂಟಿಸಿ, ಹದಿನೆಂಟು ಅಡಿ ಉದ್ದ ಮಾಡಿ ಪಡಸಾಲೆಯಲ್ಲಿ ಹಾಸುವುದು. ಕುಂಟುತ್ತ ಬಂದವರ ಅಂಗಾಲಿಗೆ ಕೆಮ್ಮಣ್ಣಿನ ನೀರು ಹಚ್ಚಿ ಅದರ ಮೇಲೆ ಎರಡು ಸಲ ನಡೆಸುವುದು. ಆಮೇಲೆ ನಾನು ದರ್ಜಿಯ ಟೇಪು ಹಿಡಿದು ಹಿಮ್ಮಡಿಯ ಗುರುತಿನಿಂದ ಹಿಮ್ಮಡಿಯ ಗುರುತಿಗೆ ಅಳೆಯುತ್ತಿದ್ದೆ. ಬಲಗಾಲು ಮುಂದೆ ಬಂದದ್ದು ಹತ್ತು ಹೆಜ್ಜೆ, ಎಡಗಾಲು ಮುಂದೆ ಬಂದದ್ದು ಹತ್ತು ಹೆಜ್ಜೆ. ಎರಡರ ಸರಾಸರಿಯನ್ನೂ ನಾನೇ ತೆಗೆಯುತ್ತಿದ್ದೆ. ಉದ್ದದ ಹೆಜ್ಜೆಯನ್ನು ನೂರು ಎಂದು ಹಿಡಿದರೆ ಗಿಡ್ಡ ಹೆಜ್ಜೆ ಎಷ್ಟಾಯಿತು ಎಂದು ಡಾಕ್ಟರು ಭಾಗಾಕಾರ ಮಾಡಿ, ಚೌಕಳಿ ಕಾಗದದ ಮೇಲೆ ತಿಂಗಳಿಗೊಂದು ಚುಕ್ಕೆ ಇಡುತ್ತಿದ್ದರು. ಚುಕ್ಕೆ ಏರಿದರೆ ಗುಣವಾಗುತ್ತಿದೆ, ಇಳಿದರೆ ರೋಗ ಒಳಗೆ ಬೆಳೆಯುತ್ತಿದೆ ಎಂದು ಅರ್ಥ.

ಒಂದು ವಿಚಿತ್ರವಿತ್ತು. ಬಲಗಾಲು ನೋಯುವವರಿಗೆ ಗಿಡ್ಡವಾಗುವುದು ಎಡ ಹೆಜ್ಜೆ. ನೋಯುವ ಕಾಲಿನ ಮೇಲೆ ಮೈ ಹೆಚ್ಚು ಹೊತ್ತು ನಿಲ್ಲುವುದಿಲ್ಲ, ಇನ್ನೊಂದನ್ನು ಬೇಗ ಊರಿಬಿಡುತ್ತದೆ. ಸ್ವಂತ ಕೈಯಿಂದ ಅಳೆಯುವವರೆಗೆ ನಾನು ಇದನ್ನು ನಂಬಿರಲಿಲ್ಲ.

ಜೂನ್ ತಿಂಗಳಲ್ಲಿ ಯಂಕಂಚಿಯಿಂದ ಗೌರವ್ವ ಎಂಬಾಕೆ ಮಗಳು ಕಸ್ತೂರಿಯನ್ನು ಕರೆತಂದಳು. ಹುಡುಗಿಗೆ ಹದಿನಾಲ್ಕು. ಬಲ ಸೊಂಟದ ಕೀಲು ನೋವು, ಸಂಜೆಗೆ ಸಣ್ಣ ಜ್ವರ. ಬಲ ಹೆಜ್ಜೆ ಇಪ್ಪತ್ತು ಇಂಚು, ಎಡ ಹದಿನೇಳು. ನೂರಕ್ಕೆ ಎಂಬತ್ತೈದು. ಜುಲೈಯಲ್ಲಿ ಎಡ ಹೆಜ್ಜೆ ಹದಿನೈದಕ್ಕೆ ಬಂತು, ಲೆಕ್ಕ ಎಪ್ಪತ್ತೈದಕ್ಕೆ ಇಳಿಯಿತು. ಡಾಕ್ಟರು ಒಂದು ತಿಂಗಳ ಗುಳಿಗೆ ಕೊಟ್ಟು, ಗೌರವ್ವನನ್ನು ಕೂರಿಸಿಕೊಂಡು ಹೇಳಿದರು: "ಎಲಬಿಗೆ ಕ್ಷಯ ಹತ್ತೇತಿ ಅಂತ ನನಗ ಸಂಶಯ ಐತಿ. ಮುಂದಿನ ತಿಂಗಳೂ ಇಳೀತು ಅಂದ್ರ ಸೊಲ್ಲಾಪುರಕ್ಕ ಒಯ್ಯೂದ. ಪ್ಲಾಸ್ಟರ್ ಹಾಕಿ ಆರು ತಿಂಗಳ ಮಲಗಸ್ತಾರ."

ಆಗಸ್ಟಿನಲ್ಲಿ ಬಂದಾಗ ಗೌರವ್ವ ಮೊದಲು ಒಳಗೆ ಹೋಗಲಿಲ್ಲ. ನಾನು ಹಿತ್ತಲಿನಲ್ಲಿ ಬಟ್ಟೆ ಒಗೆಯುತ್ತಿದ್ದೆ, ಮಗಳನ್ನು ಕರೆದುಕೊಂಡು ಅಲ್ಲಿಗೇ ಬಂದಳು.

"ಮಾಬವ್ವ, ಮುಂದಿನ ವಾರ ದೇವರ ಹಿಪ್ಪರಗಿಯವರು ಹುಡುಗಿ ನೋಡಾಕ ಬರಾಕತ್ತಾರ. ಆರು ತಿಂಗಳ ದವಾಖಾನ್ಯಾಗ ಬಿದ್ಲು ಅಂದ್ರ ನಾಳೆ ಯಾವ ಮನಿಯವರು ಈಕಿನ್ನ ಒಯ್ತಾರ?"

"ಡಾಕ್ಟರ್ ಸಾಹೇಬ್ರಿಗೆ ಹೇಳು. ನನಗ್ಯಾಕ ಹೇಳ್ತಿ?"

"ಅವ್ರು ಗಂಡಸ್ರು, ಹುಡುಗಿ ನಡಸೂದು ಅವ್ರಿಗೇನ ತಿಳೀತೈತಿ. ನೀ ಹೆಣ್ಣು. ನಿನಗ ಗೊತ್ತೈತಿ."

ನನಗೆ ಗೊತ್ತಿತ್ತು. ನಮ್ಮ ಕಡೆ ಹೆಣ್ಣು ನೋಡಲು ಬಂದವರು ಹುಡುಗಿಯನ್ನು ಎಬ್ಬಿಸಿ ನಡೆಸಿ ನೋಡುತ್ತಾರೆ, ಕಾಲಿನಲ್ಲಿ ಐಬು ಇದೆಯೇ ಎಂದು. ನನ್ನ ತಂಗಿಗೆ ಹುಟ್ಟಿನಿಂದ ಒಂದು ಕಾಲು ತುಸು ಗಿಡ್ಡ. ಜೋಳದ ದಂಟನ್ನು ಸಮ ಅಂತರಕ್ಕೆ ಇಟ್ಟು, ಒಂದೊಂದು ದಂಟಿಗೆ ಒಂದೊಂದು ಹೆಜ್ಜೆ ಎಂದು ನಾನೇ ಅವಳಿಗೆ ನಡಿಗೆ ಕಲಿಸಿದ್ದೆ. ಮದುವೆ ಆಯಿತು, ನಾಲ್ಕು ಮಕ್ಕಳು ಆದವು, ಯಾರೂ ಏನೂ ಅನ್ನಲಿಲ್ಲ. ಆ ಧೈರ್ಯದ ಮೇಲೆ ಹಿತ್ತಲಿನಲ್ಲೇ ದಂಟು ಹಾಸಿದೆ. ಗಿಡ್ಡ ಕಾಲು ಬೇರೆ, ಕೊಳೆಯುತ್ತಿರುವ ಕೀಲು ಬೇರೆ ಎಂಬ ಬುದ್ಧಿ ನನಗೆ ಬರಲಿಲ್ಲ.

"ಬಾಯಾಗ ಎಣಸು. ತುಟಿ ಅಲಗಬಾರದು. ಡಾಕ್ಟರ್ ಕಾಲ ತಿರುವಿ ನೋಡಿದಾಗೂ ಉಸಿರ ಬಿಡಬ್ಯಾಡ" ಎಂದೆ.

ಕಸ್ತೂರಿ ಜಾಣೆ. ಒಂದು ತಾಸಿನಲ್ಲಿ ಕಲಿತಳು. ಹಣೆಯ ಮೇಲೆ ಬೆವರು ಬಂದಿತ್ತು, ನನ್ನ ಸೆರಗಿನಿಂದಲೇ ಒರೆಸಿ ಒಳಗೆ ಕರೆದುಕೊಂಡು ಹೋದೆ.

ಕಾಗದದ ಮೇಲೆ ನಡೆದಳು. ನಾನು ಅಳೆದೆ. ಅಳತೆಯಲ್ಲಿ ಒಂದು ಕೂದಲೆಳೆಯಷ್ಟೂ ಮೋಸ ಮಾಡಲಿಲ್ಲ, ಬೇಕಾಗಿಯೇ ಇರಲಿಲ್ಲ. ಬಲ ಹದಿನಾರು, ಎಡ ಹದಿನಾರು. ಚುಕ್ಕೆ ಎಪ್ಪತ್ತೈದರಿಂದ ನೂರಕ್ಕೆ ಹಾರಿತು. ಡಾಕ್ಟರು ಕಾಲು ತಿರುಗಿಸಿ ನೋಡಿದರು. ಹುಡುಗಿ ಹಲ್ಲು ಕಚ್ಚಿ ಗೋಡೆ ನೋಡುತ್ತಿದ್ದಳು.

"ನೋಡಿದ್ಯಾ ಮಾಬೂಬಿ? ಗುಳಿಗಿ ಹತ್ಯಾವ. ಬಡವರಿಗೆ ಸೊಲ್ಲಾಪುರ ತಪ್ಪಿತು" ಎಂದು ಅವರು ನಕ್ಕರು.

ಇಪ್ಪತ್ತು ಇಂಚಿನ ಬಲ ಹೆಜ್ಜೆ ಹದಿನಾರಕ್ಕೆ ಇಳಿದದ್ದು ನನಗೆ ಕಾಣುತ್ತಿತ್ತು. ಅವರು ಭಾಗಾಕಾರದ ಉತ್ತರ ನೋಡಿದರು, ಹೆಜ್ಜೆ ನೋಡಲಿಲ್ಲ. ನಾನು ಬಾಯಿ ಬಿಡಲಿಲ್ಲ.

ಸೆಪ್ಟೆಂಬರಿನಲ್ಲೂ ಹದಿನಾರು, ಹದಿನಾರು. ಅಷ್ಟರಲ್ಲಿ ಹಿಪ್ಪರಗಿಯವರು ಒಪ್ಪಿ ಹೋಗಿದ್ದರು. ಗೌರವ್ವ ನನಗೆ ಒಂದು ಕುಪ್ಪಸದ ಖಣ ಕೊಟ್ಟಳು, ತೆಗೆದುಕೊಂಡೆ. ಆಮೇಲೆ ಅವರು ಬರುವುದು ನಿಂತಿತು.

ಡಿಸೆಂಬರಿನಲ್ಲಿ ಚಕ್ಕಡಿ ಬಂತು. ಕಸ್ತೂರಿಯನ್ನು ನಾಲ್ಕು ಮಂದಿ ಕೌದಿ ಸಮೇತ ಎತ್ತಿ ಇಳಿಸಿದರು. ಬಲಗಾಲು ಮಡಚಿದ್ದು ಬಿಚ್ಚುತ್ತಿರಲಿಲ್ಲ, ತೊಡೆಯ ಬುಡದಲ್ಲಿ ಕೀವು ಕಟ್ಟಿತ್ತು. ಡಾಕ್ಟರು ಅವತ್ತೇ ಸೊಲ್ಲಾಪುರಕ್ಕೆ ಕಳಿಸಿದರು. ಚಕ್ಕಡಿ ಹೋದ ಮೇಲೆ ಹಳೆಯ ಕಾಗದಗಳನ್ನೆಲ್ಲ ಪಡಸಾಲೆಯಲ್ಲಿ ಹರಡಿ, ಅವುಗಳ ಪಕ್ಕ ಮೊಣಕಾಲೂರಿ ಕೂತರು. ನಾನು ಬಾಗಿಲಲ್ಲಿ ನಿಂತು ಎಲ್ಲವನ್ನೂ ಹೇಳಿಬಿಟ್ಟೆ. ಬಯ್ಯುತ್ತಾರೆ, ಕೆಲಸದಿಂದ ತೆಗೆಯುತ್ತಾರೆ ಎಂದುಕೊಂಡಿದ್ದೆ.

"ಹತ್ತೂ ಹೆಜ್ಜಿ ಹದಿನಾರ ಇಂಚ" ಎಂದರು ಅವರು. "ಯಾವ ಮನಷ್ಯಾ ಹಿಂಗ ನಡೀತಾನ? ಗಟ್ಟಿಮುಟ್ಟ ಇದ್ದವಂದೂ ಅರ್ಧ ಇಂಚ ಹೆಚ್ಚುಕಡಿಮಿ ಬರ್ತೈತಿ. ಸರಾಸರಿ ನೋಡಿ ಖುಷಿಪಟ್ಟೆ ನಾ. ನೀ ದಿನಾ ಅಳಿಯಾಕಿ, ನಿನಗರ ತಿಳೀಬೇಕಿತ್ತು."

ತಿಳಿದಿತ್ತು. ಅದೇ ನನ್ನ ತಪ್ಪು.

ಹುಡುಗಿ ಬದುಕಿದಳು. ಸ್ಟ್ರೆಪ್ಟೊಮೈಸಿನ್ ಇಂಜೆಕ್ಷನ್ನು, ಹತ್ತು ತಿಂಗಳ ಪ್ಲಾಸ್ಟರು. ಕೀಲು ಉಳಿಯಲಿಲ್ಲ. ಕಾಲು ಮೂರು ಇಂಚು ಗಿಡ್ಡವಾಗಿ ಸೆಟೆದುಕೊಂಡಿತು. ಹಿಪ್ಪರಗಿಯ ಸಂಬಂಧ ಚಕ್ಕಡಿ ಊರು ದಾಟುವ ಮೊದಲೇ ಮುರಿದಿತ್ತು. ಆಗಸ್ಟಿನಲ್ಲೇ ಹೋಗಿದ್ದರೆ ಕೀಲು ಉಳಿಯುತ್ತಿತ್ತೋ ಏನೋ ಎಂದರು ಡಾಕ್ಟರು. ಆ "ಏನೋ" ನನ್ನ ಸಮಾಧಾನಕ್ಕೆ ಹೇಳಿದ್ದು.

೧೯೬೧ರಲ್ಲಿ ಅವಳು ಕೋಲೂರಿಕೊಂಡು ಒಬ್ಬಳೇ ಬಂದಳು. ನನ್ನನ್ನು ನೋಡಿ, "ಏನ ಚಿಗವ್ವ, ಇವತ್ತ ಕಾಗದ ಹಾಸಂಗಿಲ್ಲೇನು? ಈಗ ಎಣಸದನ ನಡೀತೇನಿ ನೋಡು" ಎಂದಳು. ನಕ್ಕಳು ಕೂಡ. ನಾನು ನೀರು ತರುವ ನೆಪ ಮಾಡಿ ಒಳಗೆ ಹೋದೆ.

ಆ ದವಾಖಾನೆಯಲ್ಲಿ ಇನ್ನೂ ಹತ್ತೊಂಬತ್ತು ವರ್ಷ ದುಡಿದೆ. ಅಳತೆ ಮುಗಿಯಿತು ಎಂದು ಹೇಳಿ, ರೋಗಿ ಮನೆಗೆ ಹೊರಟಾಗ ಬಾಗಿಲ ಬಳಿ ಹೇಗೆ ನಡೆಯುತ್ತಾನೆ ಎಂದು ನೋಡುವುದನ್ನು ಕಲಿತೆ. ಅಲ್ಲಿ ಕಂಡದ್ದನ್ನು ಯಾರು ಕಣ್ಣೀರು ಹಾಕಿದರೂ ಡಾಕ್ಟರಿಗೆ ಹೇಳುತ್ತಿದ್ದೆ. ಎಷ್ಟೋ ತಾಯಂದಿರು ನನಗೆ ಶಾಪ ಹಾಕಿದರು, ಹಾಕಲಿ. ಅಂಕಿ ಸರಿಯಾಗಿ ಬಂತು ಎಂದರೆ ಮನುಷ್ಯ ಸರಿಯಾಗಿದ್ದಾನೆ ಎಂದಲ್ಲ. ಈ ಕೆಲಸ ನನಗೆ ಕಲಿಸಿದ್ದು ಇಷ್ಟೇ. ಅದನ್ನು ಕಲಿಯಲು ಇನ್ನೊಬ್ಬರ ಮಗಳ ಕಾಲು ಹೋಯಿತು. ಆ ಆಗಸ್ಟಿನಲ್ಲಿ ಅವಳು ಕಾಗದದ ಕೊನೆಗೆ ಬಂದು ನಿಂತು ನನ್ನ ಮುಖ ನೋಡಿದಾಗ, ಎಷ್ಟು ನೋವಾಯಿತು ಮಗಳೇ ಎಂದು ನಾನು ಕೇಳಲಿಲ್ಲ. ಶಾಬಾಸ್ ಎಂದೆ.