ನಾಯಕರ ಕೊನೆಯ ಮಾತು

ಸಭೆ ಸಮಾರಂಭಗಳಿಗೆ ಮೈಕ್ ಸೆಟ್ ಹಾಕುತ್ತಿದ್ದ ಅವನನ್ನು ಊರೆಲ್ಲ ಕರೆಯುತ್ತಿದ್ದುದು 'ಹಲೋ' ಎಂದೇ. ಮೈಕ್ ಪರೀಕ್ಷಿಸುತ್ತ ದಿನವಿಡೀ ಹಲೋ ಹಲೋ ಎನ್ನುವ ಮನುಷ್ಯನಿಗೆ ಅಪ್ಪ ಅಮ್ಮ ಇಟ್ಟ ಹೆಸರು ಉಳಿಯುವುದಾದರೂ ಹೇಗೆ? ಸಿಟ್ಟು ಬಂದಾಗ ಹೆಂಡತಿಯೂ ಹಾಗೇ ಕೂಗುತ್ತಿದ್ದಳು.

ಚೌಕದ ಸಭೆಯಲ್ಲಿ ಪಕ್ಷದ ನಾಯಕರನ್ನು ಗುಂಡಿಕ್ಕಿ ಕೊಂದಾಗ ಹಲೋ ಇದ್ದದ್ದು ಅವರ ಕಾಲಬುಡದಲ್ಲೇ. ಭಾಷಣ ಶುರುವಾಗುವ ಹೊತ್ತಿಗೆ ಸರಿಯಾಗಿ ಮೈಕ್ ಕೈಕೊಟ್ಟಿತ್ತು. ಮಂಡಿಯೂರಿ, ಹಲ್ಲಿನಲ್ಲಿ ವೈರು ಸುಲಿಯುತ್ತಿದ್ದವನ ಕಡೆ ನಾಯಕರು ಬಾಗಿದರು. ಜನರತ್ತ ಬೀರಿದ ನಗುವನ್ನು ಒಂದಿಷ್ಟೂ ಕೆಡಿಸಿಕೊಳ್ಳದೆ, "ಈ ಹಾಳು ಡಬ್ಬ ಎಲ್ಲಿಂದ ತಂದ್ಯೋ, ಕತ್ತೆ?" ಎಂದರು.

ಆಮೇಲೆ ಗುಂಡಿನ ಸದ್ದು. ನಾಯಕರು ಅವನ ಮೇಲೇ ಕುಸಿದರು. ವೇದಿಕೆ ಖಾಲಿಯಾಯಿತು. ಅವರ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು ಹಲೋ ಒಬ್ಬನೇ ಕೂತಿದ್ದ. ಮತ್ತೊಂದು ಮಾತು ಅವರ ಬಾಯಿಂದ ಬರಲಿಲ್ಲ.

ಕೊಂದವನು ಅಲ್ಲೇ ಸಿಕ್ಕಿಬಿದ್ದು ಜೈಲು ಸೇರಿದ. ಊರಿನಲ್ಲಿ ಕಣ್ಣಾರೆ ಕಂಡವರ ಸಂಖ್ಯೆ ಮಾತ್ರ ವರ್ಷದಿಂದ ವರ್ಷಕ್ಕೆ ಏರುತ್ತ ಹೋಯಿತು. ಆ ದಿನ ಜ್ವರ ಬಂದು ಮನೆಯಲ್ಲಿ ಮಲಗಿದ್ದ ಹೋಟೆಲಿನವನೂ ಕೊಲೆಗಾರನ ಕೈ ಹಿಡಿದೆಳೆದಿದ್ದನಂತೆ.

"ಅಷ್ಟು ಜನ ವೇದಿಕೆ ಹತ್ತಿದ್ದಿದ್ರೆ ಅದು ಮುರಿದುಬಿದ್ದೇ ನಾಯಕರು ಹೋಗ್ತಿದ್ರು," ಎಂದು ಹಲೋ ಕಾಲೆಳೆಯುತ್ತಿದ್ದ.

ಪಕ್ಷದವರು ಚೌಕದಲ್ಲಿ ಕಲ್ಲು ನಿಲ್ಲಿಸಿ, 'ನಾನು ಅಳಿದರೂ ನಾಡು ಉಳಿಯಲಿ' ಎಂಬ ಕೊನೆಯ ಮಾತು ಕೆತ್ತಿಸಿದರು. ಕೇಳಿದವರಿಗೆಲ್ಲ ಹಲೋ ನಿಜವಾದ ಮಾತನ್ನೇ ಹೇಳುತ್ತಿದ್ದ. ಕೊನೆಗೆ ಪಕ್ಷದ ಕಾರ್ಯದರ್ಶಿ ಅವನ ಮೈಕ್ ಅಂಗಡಿಗೇ ಬಂದ.

"ಸ್ವಲ್ಪ ಬಾಯಿ ಮುಚ್ಕೊಂಡಿರಪ್ಪ."

"ಇರ್ತೀನಿ ಸ್ವಾಮಿ. ಆದ್ರೆ ಮೈಕ್ ಕೆಟ್ಟಿತ್ತು, ನೀವು ಜೀಪಿನಡಿ ಅಡಗಿದ್ರಿ. ಕಲ್ಲಿನ ಮೇಲಿರೋ ಮಾತು ನಿಮಗೆ ಹೇಗೆ ಕೇಳಿಸ್ತು?"

ಆವತ್ತಿನಿಂದ ಪಕ್ಷದ ಸಭೆಗಳು ಅವನ ಕೈತಪ್ಪಿದವು. ಮದುವೆಗಳಿಗೆ ಹಾಡು ಹಾಕಿಕೊಂಡು ಸಂಸಾರ ತೂಗಿಸಿದ.

ಎಷ್ಟೋ ವರ್ಷ ಕಳೆದ ಮೇಲೆ, ತಲೆ ನರೆತ ಹೆಂಗಸೊಬ್ಬಳು ಅಂಗಡಿಯ ಮೆಟ್ಟಿಲು ಹತ್ತಿದಳು. ನಾಯಕರ ಮಗಳು.

"ಅಪ್ಪ ಕೊನೇಲಿ ಏನಂದ್ರು? ಕಲ್ಲಿನ ಮೇಲಿರೋದು ಬೇಡ."

ಒಳಬಾಗಿಲಲ್ಲಿ ನಿಂತಿದ್ದ ಹೆಂಡತಿ ಬೇಡವೆಂದು ಕಣ್ಸನ್ನೆ ಮಾಡಿದಳು. ಊರಿಗೆಲ್ಲ ಸಲೀಸಾಗಿ ಹೇಳಿದ್ದ ಮಾತಿಗೆ ಹಲೋ ಮೊದಲ ಬಾರಿ ಹಿಂದೆಮುಂದೆ ನೋಡಿದ. ಆದರೂ ಹೇಳಿದ.

"ಕತ್ತೆ ಅಂದ್ರಾ?"

"ಅಂದ್ರು ತಾಯಿ."

ಅವಳು ನಕ್ಕಳು. ನಗುತ್ತ ನಗುತ್ತ ಸೆರಗಿನಿಂದ ಕಣ್ಣೊರೆಸಿಕೊಂಡಳು. "ಮನೇಲಿ ನನ್ನನ್ನೂ ದಿನಾ ಹಾಗೇ ಕರೀತಿದ್ರು. ಆ ಕಲ್ಲಿನ ಮೇಲೆ ಮಾತಾಡಿರೋರು ಯಾರೋ, ನನಗೆ ಗುರುತೇ ಸಿಗ್ತಿರಲಿಲ್ಲ."

ಸೆರಗು ಸರಿಮಾಡಿಕೊಂಡು ಕೇಳಿದಳು, "ತುಂಬಾ ನೋವು ಪಟ್ರಾ?"

"ಬೇಗ ಹೋದ್ರಮ್ಮ. ನಾನು ಜೊತೇಲೇ ಇದ್ದೆ."

ಹೆಂಡತಿ ಚಹಾ ತಂದಿಟ್ಟಳು. ಮಗಳು ಲೋಟ ಕೈಗೆತ್ತಿಕೊಂಡು, ಎಲ್ಲವನ್ನೂ ಮೊದಲಿನಿಂದ ಇನ್ನೊಮ್ಮೆ ಹೇಳಬೇಕೆಂದಳು. ಹಲೋ ಬಿಚ್ಚಿಟ್ಟಿದ್ದ ಸ್ಪೀಕರನ್ನು ಪಕ್ಕಕ್ಕೆ ಸರಿಸಿ ಸ್ಟೂಲ್ ಎಳೆದುಕೊಂಡ. ಅವನು ಬಾಯಿ ತೆರೆಯುವ ಮೊದಲೇ ಹೆಂಡತಿ ಹೇಳಿದಳು:

"ನಿಮ್ಮಪ್ಪ ಬೈದಿದ್ರಲ್ಲಿ ತಪ್ಪೇನಿಲ್ಲಮ್ಮ. ಆ ಮೈಕ್ ಹಿಂದಿನ ದಿನಾನೇ ಕೆಟ್ಟಿತ್ತು. ನಾನು ಬಡ್ಕೊಂಡೆ, ಇವರು ಕೇಳಲಿಲ್ಲ."